ಚೆನ್ನೈನಿಂದ ಅಂಡಮಾನಿಗೆ ಹಡಗಿನಲ್ಲಿ: ಸೀ ಸಿಕ್‌ನೆಸ್ ತಡೆಯಲು ಸಮಗ್ರ ಮಾರ್ಗದರ್ಶಿ

ಚೆನ್ನೈ ಬಂದರಿನಿಂದ ಪೋರ್ಟ್ ಬ್ಲೇರ್‌ಗೆ ಸುಮಾರು 1,190 ಕಿಲೋಮೀಟರ್ ನೀರಿನ ದಾರಿ. 2024ರಿಂದ ಆ ಊರಿನ ಅಧಿಕೃತ ಹೆಸರು ಶ್ರೀ ವಿಜಯ ಪುರಂ, ಆದರೆ ಜನರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರ್. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಹಡಗಿನಲ್ಲಿ ಸುಮಾರು 60 ಗಂಟೆ, ಹವಾಮಾನ ಕೆಟ್ಟರೆ ಇನ್ನೂ ಜಾಸ್ತಿ. ನಡುವೆ ಎಲ್ಲೂ ನಿಲ್ದಾಣ ಇಲ್ಲ, "ಸ್ವಲ್ಪ ಗಾಡಿ ನಿಲ್ಸಿ ಸಾರ್, ವಾಂತಿ ಬರ್ತಿದೆ" ಅನ್ನುವ ಹಾಗೂ ಇಲ್ಲ.

ನಮ್ಮವರಲ್ಲಿ ತುಂಬಾ ಜನ ಈ ಪ್ರಯಾಣಕ್ಕೆ ಹೊರಡುವುದು ಸಮುದ್ರದ ಮೇಲೆ ಎರಡು ರಾತ್ರಿ ಕಳೆಯುವ ಆಸೆಯಿಂದ. ಹೊರಟವರಲ್ಲಿ ಒಂದಷ್ಟು ಜನ ಆ ಎರಡೂ ರಾತ್ರಿಯನ್ನು ಬಕೆಟ್ ಹಿಡಿದುಕೊಂಡು ಕಳೆಯುತ್ತಾರೆ. ಅಲೆಯ ಏರಿಳಿತದಿಂದ ಬರುವ ಈ ವಾಕರಿಕೆ, ವಾಂತಿಗೇ ಸೀ ಸಿಕ್‌ನೆಸ್ ಅನ್ನುವುದು. ಇದನ್ನು ಬಹುಪಾಲು ತಪ್ಪಿಸಬಹುದು, ಆದರೆ ಅದಕ್ಕೆ ಬೇಕಾದ ಕೆಲಸ ಶುರುವಾಗುವುದು ಹಡಗಿನಲ್ಲಿ ಅಲ್ಲ, ಮನೆಯಲ್ಲಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಅರ್ಧಕ್ಕರ್ಧ ವ್ಯರ್ಥ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಚೆನ್ನೈ–ಅಂಡಮಾನ್ ದಾರಿಯನ್ನೇ ಉದಾಹರಣೆಗೆ ಇಟ್ಟುಕೊಂಡು ಬರೆದಿದ್ದೇನೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವವರಿಗೆ, ಕ್ರೂಸ್ ಹೋಗುವವರಿಗೆ, ಮರ್ಚೆಂಟ್ ನೇವಿಗೆ ಸೇರಿ ಮೊದಲ ಸಲ ಹಡಗು ಹತ್ತುವ ಹುಡುಗ ಹುಡುಗಿಯರಿಗೆ ಕೂಡ ಇದರ ಹೆಚ್ಚಿನ ಭಾಗ ಹೊಂದುತ್ತದೆ.

ಯಾಕೆ ಹೀಗಾಗುತ್ತದೆ ಅನ್ನುವುದು ಮೊದಲು

ಕಾರಣ ಗೊತ್ತಿದ್ದರೆ ಏನು ಮಾಡಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ, ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ.

ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ಪಕ್ಕದಲ್ಲೇ ಸುಣ್ಣದ ಅತಿ ಸಣ್ಣ ಹರಳುಗಳಿರುವ ಎರಡು ಚೀಲಗಳಿವೆ. ತಲೆ ಎತ್ತ ತಿರುಗಿತು, ದೇಹ ಮೇಲೆ ಹೋಯಿತೋ ಕೆಳಗೆ ಬಂತೋ ಅನ್ನುವ ಸುದ್ದಿ ಮಿದುಳಿಗೆ ಹೋಗುವುದು ಇವುಗಳಿಂದ. ನೀವು ಹಡಗಿನ ಕ್ಯಾಬಿನ್ ಒಳಗೆ ಕೂತಿದ್ದೀರಿ ಅಂದುಕೊಳ್ಳಿ. ಕಣ್ಣಿಗೆ ಕಾಣುವ ಗೋಡೆ, ಮಂಚ, ಬಾಗಿಲು ಯಾವುದೂ ಅಲ್ಲಾಡುತ್ತಿಲ್ಲ. ಕಿವಿ ಮಾತ್ರ "ಏರಿದೆವು, ಇಳಿದೆವು, ಮತ್ತೆ ಏರಿದೆವು" ಅಂತ ಹೇಳುತ್ತಲೇ ಇದೆ. ಎರಡೂ ಸುದ್ದಿ ತಾಳೆಯಾಗದೆ ಮಿದುಳು ಗಲಿಬಿಲಿಗೊಳ್ಳುತ್ತದೆ, ಅದರ ಫಲ ಹೊಟ್ಟೆಗೆ. ಅಂದರೆ ತೊಂದರೆ ಶುರುವಾಗುವುದು ಹೊಟ್ಟೆಯಲ್ಲಿ ಅಲ್ಲವೇ ಅಲ್ಲ. ಒಳಗಿವಿಯ ಈ ಭಾಗ ಎರಡೂ ಕಡೆ ಕೆಲಸ ಮಾಡದೇ ಇರುವವರಿಗೆ ಎಂಥ ಅಲೆಯಲ್ಲೂ ಸೀ ಸಿಕ್‌ನೆಸ್ ಬರುವುದಿಲ್ಲ.

ಎಲ್ಲ ಅಲುಗಾಟವೂ ಒಂದೇ ಅಲ್ಲ. ಆಟೋದಲ್ಲಿ ಮೈ ಕೈ ನೋಯುವಷ್ಟು ಕುಲುಕಿದರೂ ಸಾಮಾನ್ಯವಾಗಿ ವಾಕರಿಕೆ ಬರುವುದಿಲ್ಲ, ಯಾಕೆಂದರೆ ಅದು ವೇಗದ ಕುಲುಕಾಟ. ಮನುಷ್ಯನಿಗೆ ಅತಿ ಹೆಚ್ಚು ತೊಂದರೆ ಕೊಡುವುದು ನಿಧಾನದ ಏರಿಳಿತ, ಸುಮಾರು ಐದು ಸೆಕೆಂಡಿಗೆ ಒಂದು ಸಲ ಏರಿ ಇಳಿಯುವಂಥದ್ದು. ದೊಡ್ಡ ಅಲೆಯ ಮೇಲೆ ಹಡಗು ಹೆಚ್ಚು ಕಡಿಮೆ ಅದೇ ಲೆಕ್ಕದಲ್ಲಿ ಏರಿಳಿಯುತ್ತದೆ. ಆದ್ದರಿಂದ "ನಾನು ಆಗುಂಬೆ ಘಾಟಿಯನ್ನೇ ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಇಳಿದವನು, ನನಗೇನಾಗುತ್ತೆ" ಅನ್ನುವ ಧೈರ್ಯ ಇಲ್ಲಿ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಬಸ್ಸಲ್ಲಿ ವಾಂತಿ ಮಾಡಿಕೊಳ್ಳುವವರಿಗೆ ಹಡಗಿನಲ್ಲೂ ಆಗುವ ಸಂಭವ ಹೆಚ್ಚು, ಅದು ನಿಜ. ಆದರೆ ಬಸ್ಸಲ್ಲಿ ಏನೂ ಆಗದವರು ಹಡಗಿನಲ್ಲಿ ಮಲಗಿಬಿಡುವುದೂ ಉಂಟು.

ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್, ಟ್ರಫಾಲ್ಗರ್ ಯುದ್ಧ ಗೆದ್ದ ಮನುಷ್ಯ, ಜೀವನಪೂರ್ತಿ ಕಡಲಲ್ಲೇ ಇದ್ದರೂ ಗಾಳಿ ಜೋರಾದಾಗಲೆಲ್ಲ ಕಾಯಿಲೆ ಬೀಳುತ್ತಿದ್ದುದಾಗಿ ತನ್ನ ಪತ್ರದಲ್ಲಿ ಬರೆದುಕೊಂಡಿದ್ದಾನೆ. ಚಾರ್ಲ್ಸ್ ಡಾರ್ವಿನ್ 1831ರ ಡಿಸೆಂಬರ್‌ನಲ್ಲಿ ಬೀಗಲ್ ಹಡಗು ಹತ್ತಿದ, 1836ರಲ್ಲಿ ಇಳಿದ, ಅಷ್ಟು ವರ್ಷವೂ ಈ ಕಾಟ ಅವನನ್ನು ಬಿಡಲಿಲ್ಲ. ಮೊದಲ ದಿನಗಳಲ್ಲಿ ಅವನ ಹೊಟ್ಟೆಯಲ್ಲಿ ನಿಂತದ್ದು ಬಿಸ್ಕತ್ತು ಮತ್ತು ಒಣದ್ರಾಕ್ಷಿ ಮಾತ್ರ. ಒಣದ್ರಾಕ್ಷಿ ವಿಷಯ ಮುಂದೆ ಮತ್ತೆ ಬರುತ್ತದೆ.

ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಬರುವುದು ಬಹಳ ಅಪರೂಪ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಜಾಸ್ತಿ. ವಯಸ್ಸಾದಂತೆ ಕಡಿಮೆಯಾಗುತ್ತಾ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಮುಟ್ಟಿನ ದಿನಗಳಲ್ಲಿ ಮತ್ತು ಬಸಿರಿನಲ್ಲಿ ಇನ್ನೂ ಹೆಚ್ಚು. ಮೈಗ್ರೇನ್ ತಲೆನೋವು ಇರುವವರು ತಮಗೆ ಬಂದೇ ಬರುತ್ತದೆ ಅಂದುಕೊಂಡು ತಯಾರಾಗುವುದು ಒಳ್ಳೆಯದು.

ಒಳ್ಳೆಯ ಸುದ್ದಿ ಒಂದಿದೆ. ಮಿದುಳು ಕಲಿಯುತ್ತದೆ. ಎರಡು ಮೂರು ದಿನ ಅಲೆಯ ಮೇಲೆ ಇದ್ದರೆ ಹೆಚ್ಚಿನವರಿಗೆ ತಾನಾಗೇ ಒಗ್ಗಿಹೋಗುತ್ತದೆ. ತಮಾಷೆ ಏನೆಂದರೆ ಅಂಡಮಾನಿನ ದಾರಿ ಕೂಡ ಅಷ್ಟೇ ಉದ್ದ. ದೇಹ ಪಾಠ ಕಲಿತು ಮುಗಿಸುವ ಹೊತ್ತಿಗೆ ಲಂಗರು ಹಾಕುತ್ತಾರೆ.

ಹಂತ 1: ಯಾವ ತಿಂಗಳು, ಯಾವ ಜಾಗ

ಜನವರಿಯಿಂದ ಏಪ್ರಿಲ್ ಮೊದಲರ್ಧದವರೆಗೆ ಬಂಗಾಳ ಕೊಲ್ಲಿ ಸಾಮಾನ್ಯವಾಗಿ ಶಾಂತ. ಫೆಬ್ರವರಿ, ಮಾರ್ಚ್ ಸಿಕ್ಕಿದರೆ ಕಣ್ಣು ಮುಚ್ಚಿ ಬುಕ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತು ಮೇ ತಿಂಗಳ ಆಸುಪಾಸಿನಲ್ಲಿ ಚಂಡಮಾರುತಗಳ ಕಾಲ. ದಸರಾ ರಜೆ, ಬೇಸಿಗೆ ರಜೆ ಎರಡೂ ಈ ಕೆಟ್ಟ ಕಾಲದ ಅಂಚಿಗೇ ಬರುತ್ತವೆ ಅನ್ನುವುದು ಶಾಲೆಗೆ ಹೋಗುವ ಮಕ್ಕಳಿರುವವರ ದುರದೃಷ್ಟ. ಹಡಗುಗಳು ದಿನಾ ಇರುವುದಿಲ್ಲ, ತಿಂಗಳಿಗೆ ಕೆಲವೇ ಸಲ, ಹವಾಮಾನ ನೋಡಿ ದಿನಾಂಕ ಹಿಂದೆ ಮುಂದೆ ಆಗುವುದೂ ಮಾಮೂಲು. ಆದ್ದರಿಂದ ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲಿಗೂ ಹಡಗಿಗೂ ನಡುವೆ ಕನಿಷ್ಠ ಒಂದು ರಾತ್ರಿ ಬಿಡಿ. ನಿದ್ದೆಗೆಟ್ಟು ಬಂದವರನ್ನು ಅಲೆ ಬೇಗ ಹಿಡಿಯುತ್ತದೆ.

ಇನ್ನು ಜಾಗ. ಹಡಗಿನ ಮೂತಿ ಏರಿದಾಗ ಹಿಂಭಾಗ ಇಳಿಯುತ್ತದೆ, ಪಾರ್ಕಿನಲ್ಲಿ ಮಕ್ಕಳಾಡುವ ಸೀಸಾ ಹಲಗೆಯ ಹಾಗೆ. ಹಲಗೆಯ ನಡುವೆ ಕೂತವನಿಗೆ ಏನೂ ಗೊತ್ತಾಗುವುದಿಲ್ಲ ಅಲ್ವಾ? ಅದೇ ಲೆಕ್ಕ. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಆದಷ್ಟು ಕೆಳಗೆ, ಇದೇ ಮಲಗಲು ಒಳ್ಳೆಯ ಜಾಗ. ಮೇಲಿನ ಡೆಕ್‌ನ ದುಬಾರಿ ಕ್ಯಾಬಿನ್‌ನಲ್ಲಿ ಕಿಟಕಿ ಇರುತ್ತದೆ, ನೋಟ ಚೆಂದ, ಆದರೆ ಹಡಗು ಎಡಕ್ಕೆ ಬಲಕ್ಕೆ ವಾಲಿದಾಗ ಅಲ್ಲಿ ತೂಗಾಟ ಜಾಸ್ತಿ.

ಹಾಗಂತ ಅಗ್ಗದ ಬಂಕ್ ಕ್ಲಾಸ್ ಒಳ್ಳೆಯದು ಅಂತ ಹೇಳುತ್ತಿಲ್ಲ. ಅದು ಕೆಳಗಿರುತ್ತದೆ, ತೂಗಾಟ ಕಡಿಮೆ ನಿಜ. ಆದರೆ ಒಂದೇ ಹಾಲ್‌ನಲ್ಲಿ ಸಾಲು ಸಾಲು ಮಂಚ, ಪಕ್ಕದ ಮಂಚದವರು ವಾಂತಿ ಮಾಡಿದರೆ ಅದರ ವಾಸನೆ, ಡೀಸೆಲ್ ವಾಸನೆ, ಟಾಯ್ಲೆಟ್ ವಾಸನೆ, ಸೆಖೆ. ಗಟ್ಟಿ ಹೊಟ್ಟೆಯವರನ್ನೂ ವಾಸನೆ ಕೆಡಿಸುತ್ತದೆ. ನನ್ನ ಆಯ್ಕೆ ನಾಲ್ಕು ಅಥವಾ ಆರು ಜನ ಮಲಗುವ ಸೆಕೆಂಡ್ ಕ್ಲಾಸ್ ಕ್ಯಾಬಿನ್. ಅದರಲ್ಲೂ ಕೆಳಗಿನ ಮಂಚ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಬಾಯಿ ಮುಚ್ಚಿಕೊಂಡು ಏಣಿ ಇಳಿಯುವುದು ನೆಟ್ಟಗಿರುವುದಿಲ್ಲ.

ಕ್ರೂಸ್ ಹಡಗಿಗೆ ಹೋಗುವವರಿಗೆ ಒಂದು ಮಾತು. "ನಮ್ಮಲ್ಲಿ ಸ್ಟೆಬಿಲೈಸರ್ ಇದೆ, ಅಲುಗಾಟವೇ ಇಲ್ಲ" ಅಂತ ಏಜೆಂಟ್ ಹೇಳಿದರೆ ಅರ್ಧ ನಂಬಿ. ಹಡಗಿನ ಪಕ್ಕದಲ್ಲಿ ರೆಕ್ಕೆಯ ಹಾಗೆ ಚಾಚುವ ಆ ಸಾಧನ ಎಡ–ಬಲದ ಹೊರಳಾಟ ಕಡಿಮೆ ಮಾಡುತ್ತದೆ. ಮೇಲೆ–ಕೆಳಗಿನ ಏರಿಳಿತಕ್ಕೆ ಅದರಿಂದ ಏನೂ ಆಗುವುದಿಲ್ಲ, ಹೊಟ್ಟೆ ಕೆಡಿಸುವುದು ಮುಖ್ಯವಾಗಿ ಅದೇ ಏರಿಳಿತ.

ಹಂತ 2: ಎರಡು ವಾರ ಮೊದಲು ಡಾಕ್ಟರ ಹತ್ತಿರ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಎಲ್ಲರೂ ಬಿಟ್ಟುಬಿಡುವ ಹಂತವೂ ಇದೇ. ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಹೊರಡುವ ದಿನ ಮೆಡಿಕಲ್ ಶಾಪ್‌ಗೆ ಹೋಗಿ "ವಾಂತಿ ಮಾತ್ರೆ ಕೊಡಿ" ಅನ್ನುತ್ತೇವೆ, ಅವರು ಡೊಮ್‌ಸ್ಟಾಲ್ ಅಥವಾ ಎಮೆಸೆಟ್ ಕೊಡುತ್ತಾರೆ. ಡೊಮ್‌ಸ್ಟಾಲ್‌ನಲ್ಲಿರುವುದು ಡೊಂಪೆರಿಡೋನ್, ಎಮೆಸೆಟ್‌ನಲ್ಲಿರುವುದು ಒಂಡನ್‌ಸೆಟ್ರಾನ್. ಊಟ ಹೆಚ್ಚುಕಡಿಮೆಯಾದಾಗ, ಜ್ವರದಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಗೆ ಇವು ಒಳ್ಳೆಯ ಔಷಧಿಗಳೇ. ಆದರೆ ಒಳಗಿವಿಯಿಂದ ಮಿದುಳಿಗೆ ಹೋಗುವ ಗಲಿಬಿಲಿ ಸುದ್ದಿಯನ್ನು ಇವು ತಡೆಯುವುದಿಲ್ಲ. ಸೀ ಸಿಕ್‌ನೆಸ್ ತಡೆಯಲು ಇವನ್ನು ನಂಬಿಕೊಂಡು ಹಡಗು ಹತ್ತಬೇಡಿ.

ಬೇಕಾಗಿರುವುದು ನಿದ್ದೆ ತರಿಸುವ ಹಳೆಯ ಅಲರ್ಜಿ ಮಾತ್ರೆಗಳ ಗುಂಪಿನ ಔಷಧಿ. ನಮ್ಮಲ್ಲಿ ಸುಲಭವಾಗಿ ಸಿಗುವವು ಇವು:

ಪ್ರೊಮೆಥಜೀನ್. ಅವೊಮಿನ್ ಅನ್ನುವ ಹೆಸರಲ್ಲಿ ಸಿಗುವ 25 ಮಿಲಿಗ್ರಾಂ ಮಾತ್ರೆ. ಉದ್ದ ಪ್ರಯಾಣಕ್ಕೆ ದೊಡ್ಡವರಿಗೆ ರೂಢಿಯಲ್ಲಿರುವ ಕ್ರಮ ಎಂದರೆ ಹೊರಡುವ ಹಿಂದಿನ ರಾತ್ರಿ ಮಲಗುವಾಗ ಒಂದು, ಆಮೇಲೆ ಪ್ರಯಾಣ ಮುಗಿಯುವವರೆಗೆ ರಾತ್ರಿಗೊಂದು. ನಿದ್ದೆ ಚೆನ್ನಾಗಿ ಬರುತ್ತದೆ, ಸ್ವಲ್ಪ ಜಾಸ್ತಿಯೇ ಬರುತ್ತದೆ. ಬಾಯಿ ಒಣಗುತ್ತದೆ. 60 ಗಂಟೆಯ ದಾರಿಗೆ ನನಗೆ ಇದೇ ಹೊಂದುತ್ತದೆ ಅನ್ನಿಸುವುದು, ಹಡಗಿನಲ್ಲಿ ಮಾಡಲು ಬೇರೆ ಕೆಲಸವಾದರೂ ಏನಿದೆ?

ಸಿನ್ನರಿಜೀನ್. ಸ್ಟುಜೆರಾನ್ ಅಂತ ಸಿಗುತ್ತದೆ. ನಿದ್ದೆ ಸ್ವಲ್ಪ ಕಡಿಮೆ. ಹೊರಡುವ ಒಂದೆರಡು ಗಂಟೆ ಮೊದಲು ಶುರು ಮಾಡಿ ಕೆಲವು ಗಂಟೆಗೊಮ್ಮೆ ಮುಂದುವರಿಸಬೇಕು, ಎಷ್ಟು ಗಂಟೆಗೆ ಅನ್ನುವುದನ್ನು ಡಾಕ್ಟರ್ ಹೇಳಲಿ. ಪಾರ್ಕಿನ್‌ಸನ್ ಕಾಯಿಲೆ ಇರುವವರಿಗೆ ಇದು ಬೇಡ.

ಡೈಮೆನ್‌ಹೈಡ್ರಿನೇಟ್, ಮೆಕ್ಲಿಜೀನ್ ಕೂಡ ಇದೇ ಗುಂಪಿನವು. ವಿದೇಶದಲ್ಲಿ ಕಿವಿಯ ಹಿಂದೆ ಅಂಟಿಸುವ ಹಯೋಸಿನ್ ಪ್ಯಾಚ್ ಬಹಳ ಬಳಕೆಯಲ್ಲಿದೆ, ಹಡಗು ಹತ್ತುವ ನಾಲ್ಕು ಗಂಟೆ ಮೊದಲಾದರೂ ಅಂಟಿಸಿದರೆ ಮೂರು ದಿನ ಕೆಲಸ ಮಾಡುತ್ತದೆ. ನಮ್ಮ ಊರುಗಳ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಯಾರಾದರೂ ಅಮೆರಿಕದಿಂದ ತಂದುಕೊಟ್ಟರೆ ಡಾಕ್ಟರಿಗೆ ತೋರಿಸದೆ ಹಚ್ಚಬೇಡಿ. ಅಂಟಿಸಿದ ಕೈ ತೊಳೆಯದೆ ಕಣ್ಣು ಉಜ್ಜಿದರೆ ಪಾಪೆ ಹಿಗ್ಗಿ ಕಣ್ಣು ಮಂಜಾಗುತ್ತದೆ, ವಯಸ್ಸಾದವರಿಗೆ ಗೊಂದಲ, ಮೂತ್ರ ಕಟ್ಟುವುದು ಕೂಡ ಆಗಬಹುದು.

ಸೆಟ್ರಿಜೀನ್ ಕೂಡ ಅಲರ್ಜಿ ಮಾತ್ರೆಯೇ, ಮನೆಯಲ್ಲೇ ಇದೆ, ಅದನ್ನೇ ನುಂಗಿದರಾಯಿತು ಅಂತ ಅನ್ನಿಸಬಹುದು. ಆಗುವುದಿಲ್ಲ. ನಿದ್ದೆ ಬರದಂತೆ ತಯಾರಿಸಿದ ಹೊಸ ಅಲರ್ಜಿ ಮಾತ್ರೆಗಳು ಮಿದುಳಿನೊಳಗೆ ಅಷ್ಟಾಗಿ ಹೋಗುವುದೇ ಇಲ್ಲ, ಹಾಗಾಗಿ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಡಾಕ್ಟರಿಗೆ ಹೇಳಲೇಬೇಕಾದ ವಿಷಯಗಳು: ಗ್ಲಾಕೋಮಾ, ಪ್ರಾಸ್ಟೇಟ್ ಊತ, ಆಸ್ತಮಾ, ಫಿಟ್ಸ್, ಲಿವರ್ ತೊಂದರೆ, ಬಸಿರು, ಹಾಲೂಡಿಸುವುದು, ನಿದ್ದೆ ಮಾತ್ರೆ ಅಥವಾ ಮಾನಸಿಕ ಆರೋಗ್ಯದ ಮಾತ್ರೆ ತೆಗೆದುಕೊಳ್ಳುವುದು. ಎರಡು ವರ್ಷದೊಳಗಿನ ಮಗುವಿಗೆ ಪ್ರೊಮೆಥಜೀನ್ ಕೊಡಲೇಬಾರದು, ಉಸಿರಾಟಕ್ಕೇ ಅಪಾಯ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಡಾಕ್ಟರ್ ಬರೆದುಕೊಟ್ಟ ಪ್ರಮಾಣ ಮಾತ್ರ, "ಅರ್ಧ ಮುರಿದು ಕೊಡು" ಅನ್ನುವ ಲೆಕ್ಕ ಬೇಡ. ಮತ್ತೆ ಈ ಮಾತ್ರೆಗಳ ಜೊತೆ ಮದ್ಯ ಬೇಡವೇ ಬೇಡ.

ಮಾತ್ರೆ ಕೈಗೆ ಬಂದ ಮೇಲೆ ಒಂದು ರಜಾ ದಿನ ಮನೆಯಲ್ಲೇ ಒಂದು ನುಂಗಿ ನೋಡಿ. ಕೆಲವರಿಗೆ ಮರುದಿನ ಮಧ್ಯಾಹ್ನದವರೆಗೂ ಮಂಪರು ಇರುತ್ತದೆ, ಕೆಲವು ಮಕ್ಕಳು ನಿದ್ದೆ ಮಾಡುವ ಬದಲು ಕುಣಿದಾಡುತ್ತಾರೆ. ಇದು ಗೊತ್ತಾಗಬೇಕಾದ್ದು ಮನೆಯಲ್ಲಿ. ಆ ದಿನ ಗಾಡಿ ಓಡಿಸಬೇಡಿ.

ಹಂತ 3: ಬ್ಯಾಗಿನಲ್ಲಿ ಏನಿರಬೇಕು

ಮಾತ್ರೆ, ಲೆಕ್ಕಕ್ಕಿಂತ ಎರಡು ದಿನಕ್ಕೆ ಹೆಚ್ಚು. ಓಆರ್‌ಎಸ್ ಪ್ಯಾಕೆಟ್ ತಲೆಗೆ ನಾಲ್ಕೈದು. ಗಟ್ಟಿಯಾದ, ತೂತಿಲ್ಲದ ಕವರುಗಳು ಒಂದು ಕಟ್ಟು, ಕಟ್ಟಲು ರಬ್ಬರ್ ಬ್ಯಾಂಡ್. ಒದ್ದೆ ಟಿಶ್ಯೂ. ಮುಚ್ಚಳ ಸರಿಯಾಗಿ ಕೂರುವ ನೀರಿನ ಬಾಟಲಿ. ಹಾಸಲು ಒಂದು ಹಳೆಯ ಪಂಚೆ ಅಥವಾ ಬೆಡ್‌ಶೀಟ್, ಮೈಮೇಲೆ ಹಾಕಿಕೊಳ್ಳಲು ಒಂದು ಜೊತೆ ಹೆಚ್ಚಿನ ಬಟ್ಟೆ. ಇದೆಲ್ಲ ದೊಡ್ಡ ಸೂಟ್‌ಕೇಸಿನ ತಳದಲ್ಲಿ ಇದ್ದರೆ ಇದ್ದೂ ಇಲ್ಲದ ಹಾಗೆ. ಕೈಗೆಟುಕುವ ಚೀಲದಲ್ಲಿಡಿ.

ತಿನ್ನಲು ಮಂಡಕ್ಕಿ, ರಸ್ಕ್, ಉಪ್ಪು ಬಿಸ್ಕತ್ತು, ಹುರಿಗಡಲೆ, ಒಣದ್ರಾಕ್ಷಿ. ಡಾರ್ವಿನ್‌ನ ಹೊಟ್ಟೆಯಲ್ಲಿ ಒಣದ್ರಾಕ್ಷಿ ನಿಂತದ್ದರಲ್ಲಿ ಆಶ್ಚರ್ಯವೇನಿಲ್ಲ, ಎಣ್ಣೆ ಇಲ್ಲ, ವಾಸನೆ ಇಲ್ಲ, ಒಂದೊಂದೇ ಬಾಯಿಗೆ ಹಾಕಿಕೊಳ್ಳಬಹುದು, ಸಕ್ಕರೆ ಅಂಶವೂ ಸಿಗುತ್ತದೆ. ದಾರಿಗೆ ಅಂತ ಅಮ್ಮಂದಿರು ಕಟ್ಟಿಕೊಡುವ ಪುಳಿಯೋಗರೆ, ಚಕ್ಕುಲಿ, ಕೋಡುಬಳೆ ಇಳಿದ ಮೇಲೆ ತಿನ್ನಲು ಬಹಳ ರುಚಿ. ಮೊದಲ ದಿನ ಆ ಡಬ್ಬಿ ತೆರೆಯಬೇಡಿ, ಕರಿದ ಎಣ್ಣೆಯ ವಾಸನೆಯೇ ಸಾಕು.

ಶುಂಠಿಯ ವಿಷಯ. ಇದು ಬರೀ ಅಜ್ಜಿ ಔಷಧಿ ಅಲ್ಲ, ವಾಕರಿಕೆ ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಒಂದಿಷ್ಟು ಆಧಾರ ಇದೆ. ಒಣಶುಂಠಿ ಪುಡಿ ಒಂದು ಗ್ರಾಂ, ಅಂದರೆ ಅರ್ಧ ಚಮಚದ ಆಸುಪಾಸು, ಬಿಸಿನೀರಿಗೆ ಹಾಕಿ ಕುಡಿಯಬಹುದು. ಅಥವಾ ಶುಂಠಿ ಪೆಪ್ಪರಮೆಂಟ್ ಚೀಪಬಹುದು. ಅಲೆ ಜೋರಿದ್ದಾಗ ಮಾತ್ರೆಯ ಬದಲಿಗೆ ಶುಂಠಿ ಸಾಕಾಗುವುದಿಲ್ಲ, ಮಾತ್ರೆಯ ಜೊತೆಗೆ ಇರಲಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮಾತ್ರ ಡಾಕ್ಟರನ್ನು ಕೇಳಿ.

ನಿಂಬೆಹಣ್ಣು ಮೂಸುವುದು, ಮಣಿಕಟ್ಟಿಗೆ ಗುಂಡಿ ಇರುವ ಪಟ್ಟಿ ಕಟ್ಟಿಕೊಳ್ಳುವುದು, ಇವು ಕೆಲವರಿಗೆ ಹೊಂದುತ್ತವೆ, ಕೆಲವರಿಗೆ ಏನೂ ಆಗುವುದಿಲ್ಲ. ಪಟ್ಟಿಯ ಗುಂಡಿ ಕೂರಬೇಕಾದ್ದು ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ನಡುವಿನ ಎರಡು ಸ್ನಾಯುರಜ್ಜುಗಳ (ಗಟ್ಟಿ ಹುರಿಯಂಥ ಎಳೆಗಳ) ಮಧ್ಯೆ. ಹಾನಿ ಇಲ್ಲ, ಬೇಕಿದ್ದರೆ ಇರಲಿ. ಸೀಟಿನ ಮೇಲೆ ನ್ಯೂಸ್ ಪೇಪರ್ ಹಾಸಿಕೊಂಡು ಕೂತರೆ ವಾಂತಿ ಬರಲ್ಲ ಅನ್ನುವವರೂ ಇದ್ದಾರೆ. ಪೇಪರ್ ಇಟ್ಟುಕೊಳ್ಳಿ, ನೆಲ ಒರೆಸಲು ಆಗುತ್ತದೆ.

ಹಂತ 4: ಹಿಂದಿನ ರಾತ್ರಿ ಮತ್ತು ಹತ್ತುವ ದಿನ

ಹಿಂದಿನ ರಾತ್ರಿ ಚೆನ್ನೈನಲ್ಲಿ ಬಿರಿಯಾನಿ ಹುಡುಕಿಕೊಂಡು ಹೋಗಬೇಡಿ. ಇಡ್ಲಿ, ಮೊಸರನ್ನ, ಇಷ್ಟೇ. ಮಾತ್ರೆ ನುಂಗಿ ಬೇಗ ಮಲಗಿ. ಬೆಳಗ್ಗೆ ಹೊಟ್ಟೆ ಖಾಲಿ ಬಿಡಬೇಡಿ. "ಏನೂ ತಿಂದಿಲ್ಲ ಅಂದ್ರೆ ವಾಂತಿ ಬರೋದೇನು" ಅನ್ನುವುದು ತಪ್ಪು ಲೆಕ್ಕ. ಖಾಲಿ ಹೊಟ್ಟೆಯ ಒಣ ವಾಕರಿಕೆ ವಾಂತಿಗಿಂತ ಹಿಂಸೆ, ಪಿತ್ತ ಮಾತ್ರ ಬರುತ್ತದೆ. ಕಾಫಿ ಅಭ್ಯಾಸ ಇರುವವರು ಪೂರ್ತಿ ಬಿಟ್ಟರೆ ತಲೆನೋವು ಬರುತ್ತದೆ, ಅರ್ಧ ಲೋಟ ಕುಡಿಯಿರಿ.

ಬಂದರಿನಲ್ಲಿ ಚೆಕಿಂಗ್, ಸಾಲು, ಕಾಯುವುದು ಎಲ್ಲ ಸೇರಿ ಹಡಗು ಬಿಡುವ ಹೊತ್ತಿಗೆ ಹಲವು ಗಂಟೆ ಹೋಗಿರುತ್ತವೆ. ಹೊರಡುವ ಸಮಯಕ್ಕೆ ಲೆಕ್ಕ ಹಾಕಿ ನುಂಗಬೇಕಾದ ಮಾತ್ರೆಯಾದರೆ ಹಡಗು ನಿಜವಾಗಿ ಯಾವಾಗ ಬಿಡುತ್ತದೆ ಅಂತ ಸಿಬ್ಬಂದಿಯನ್ನು ಕೇಳಿಕೊಂಡು ನುಂಗಿ. ಬಂದರಿನ ತಡೆಗೋಡೆ ದಾಟುವವರೆಗೆ ನೀರು ಶಾಂತ. ಆಗ ಎಲ್ಲರೂ ಡೆಕ್ ಮೇಲೆ ಸೆಲ್ಫಿ ತೆಗೆಯುತ್ತಾ, ಬೋಂಡ ತಿನ್ನುತ್ತಾ, "ಇಷ್ಟೇನಾ" ಅನ್ನುತ್ತಿರುತ್ತಾರೆ. ಗೋಡೆ ದಾಟಿದ ಮೇಲೆ ನಿಜವಾದ ಸಮುದ್ರ ಶುರು.

ಹತ್ತಿದ ಕೂಡಲೇ ಮಾಡಬೇಕಾದ ಕೆಲಸ: ಮಂಚ ಹಾಸಿಬಿಡಿ, ಕವರು ಮತ್ತು ನೀರು ತಲೆದಿಂಬಿನ ಹತ್ತಿರ ಇಡಿ, ಟಾಯ್ಲೆಟ್ ಎಲ್ಲಿದೆ, ಹಡಗಿನ ಡಾಕ್ಟರ್ ಎಲ್ಲಿ ಕೂರುತ್ತಾರೆ, ಡೆಕ್‌ಗೆ ಹೋಗುವ ಹತ್ತಿರದ ಮೆಟ್ಟಿಲು ಯಾವುದು ಅಂತ ನೋಡಿಟ್ಟುಕೊಳ್ಳಿ. ಅಲೆ ಶುರುವಾದ ಮೇಲೆ ತಲೆ ಬಗ್ಗಿಸಿ ಸೂಟ್‌ಕೇಸ್ ಕೆದಕುವುದಕ್ಕಿಂತ ಬೇಗ ವಾಂತಿ ತರಿಸುವ ಕೆಲಸ ಇನ್ನೊಂದಿಲ್ಲ.

ಹಂತ 5: ಮೊದಲ ಒಂದೂವರೆ ದಿನ

ನಿಮಗೆ ಇರುವುದು ಎರಡೇ ಜಾಗ. ಒಂದು ಡೆಕ್, ಇನ್ನೊಂದು ಮಂಚ. ಇವೆರಡರ ನಡುವೆ ಇರುವ ಹಾಲ್, ಕ್ಯಾಂಟೀನ್, ಟಿವಿ ಕೋಣೆ, ಇಸ್ಪೀಟ್ ಆಡುವ ಗುಂಪು ಇವೆಲ್ಲ ಎರಡನೇ ದಿನಕ್ಕೆ ಇರಲಿ.

ಡೆಕ್ ಮೇಲೆ ಇದ್ದಾಗ ಹಡಗಿನ ನಡುಭಾಗದಲ್ಲಿ, ಹೊಗೆಕೊಳವೆಯ ವಾಸನೆ ಬಾರದ ಕಡೆ ನಿಂತು ದೂರದ ದಿಗಂತ ನೋಡಿ. ಸಮುದ್ರ ಮತ್ತು ಆಕಾಶ ಕೂಡುವ ಆ ಗೆರೆ ಅಲ್ಲಾಡುವುದಿಲ್ಲ. ಅದನ್ನು ನೋಡುತ್ತಿದ್ದರೆ ಹಡಗು ಏರಿದ್ದು ಇಳಿದದ್ದು ಕಣ್ಣಿಗೂ ಗೊತ್ತಾಗುತ್ತದೆ, ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಹತ್ತಿರದ ಅಲೆಗಳನ್ನು, ಹಡಗಿನ ಪಕ್ಕದ ನೊರೆಯನ್ನು ನೋಡುತ್ತಾ ನಿಲ್ಲಬೇಡಿ. ನಿಂತಾಗ ಕಾಲು ಸ್ವಲ್ಪ ಅಗಲಿಸಿ, ಮಂಡಿ ಸಡಿಲ ಬಿಟ್ಟು, ಹಡಗು ವಾಲುವ ಮೊದಲೇ ಅದರ ಜೊತೆ ಮೈ ಹೊಂದಿಸಿಕೊಳ್ಳಲು ನೋಡಿ. ದೇಹ ಕಲಿಯುವುದು ಹೀಗೇ. ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ.

ರಾತ್ರಿ ದಿಗಂತ ಕಾಣುವುದಿಲ್ಲ. ಆಗ ಡೆಕ್‌ನಿಂದ ಪ್ರಯೋಜನ ಗಾಳಿ ಮಾತ್ರ. ಮಲಗಿಬಿಡಿ, ಅಂಗಾತ, ಕಣ್ಣು ಮುಚ್ಚಿ. ಕಣ್ಣು ಮುಚ್ಚಿದರೆ ಜಗಳದಲ್ಲಿ ಒಂದು ಕಡೆಯವರು ಸುಮ್ಮನಾದ ಹಾಗೆಯೇ. ತಲೆ ಅತ್ತಿತ್ತ ಹೊರಳದಂತೆ ಎರಡೂ ಪಕ್ಕ ಬಟ್ಟೆ ಸುತ್ತಿ ಇಡಿ. ಮೈಯೇ ಹೊರಳುತ್ತಿದ್ದರೆ ಹಾಸಿಗೆಯ ಹೊರ ಅಂಚಿನ ಕೆಳಗೆ ಮಡಿಸಿದ ಬೆಡ್‌ಶೀಟ್ ಅಥವಾ ಬ್ಯಾಗ್ ತುರುಕಿ, ಗೋಡೆಗೂ ಎತ್ತರವಾದ ಅಂಚಿಗೂ ನಡುವೆ ನೀವು ಸಿಕ್ಕಿಕೊಂಡು ಮಲಗುತ್ತೀರಿ. ಹಡಗಿನ ಕೆಲಸದವರು ಅಲೆ ಜೋರಿದ್ದಾಗ ಲೈಫ್ ಜಾಕೆಟ್ ಇಟ್ಟು ಹೀಗೇ ಮಲಗುತ್ತಾರೆ. ನೀವು ಲೈಫ್ ಜಾಕೆಟ್ ಮುಟ್ಟಬೇಡಿ, ಅದು ಇದ್ದ ಜಾಗದಲ್ಲೇ ಇರಲಿ.

ಫೋನ್. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಹೋಗುತ್ತದೆ, ಆಗ ಎಲ್ಲರೂ ಡೌನ್‌ಲೋಡ್ ಮಾಡಿಕೊಂಡು ಬಂದ ಸಿನಿಮಾ ತೆಗೆಯುತ್ತಾರೆ. ಕೈಯಲ್ಲಿರುವ ಸಣ್ಣ ಪರದೆ, ಸುತ್ತ ಏರಿಳಿಯುವ ಹಡಗು, ಗಲಿಬಿಲಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಾ? ಪುಸ್ತಕವೂ ಅಷ್ಟೇ. ಹಾಡು ಕೇಳಿ, ಕಥೆ ಕೇಳಿ, ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿ. ಮಕ್ಕಳ ಕೈಗೂ ಫೋನ್ ಬೇಡ, ಗಲಾಟೆ ಮಾಡಿದರೂ ಸರಿ.

ತಿನ್ನುವುದು ಎರಡು ಮೂರು ಗಂಟೆಗೊಮ್ಮೆ, ಸ್ವಲ್ಪ ಸ್ವಲ್ಪ. ಹಿಡಿ ಮಂಡಕ್ಕಿ, ಎರಡು ರಸ್ಕ್, ಒಂದು ಬಾಳೆಹಣ್ಣು. ಕ್ಯಾಂಟೀನಿನ ಊಟದಲ್ಲಿ ಅನ್ನ, ಮೊಸರು ಸಾಕು. ಅಡುಗೆ ವಾಸನೆ ತಡೆಯದಿದ್ದರೆ ಜೊತೆಯವರಿಂದ ತರಿಸಿಕೊಂಡು ಗಾಳಿ ಇರುವ ಕಡೆ ತಿನ್ನಿ. ನೀರು ಗುಟುಕು ಗುಟುಕಾಗಿ.

ಶುರುವಾಗುವ ಸೂಚನೆ

ವಾಂತಿ ಇದ್ದಕ್ಕಿದ್ದಂತೆ ಬರುವುದಿಲ್ಲ, ಮೊದಲು ಸುದ್ದಿ ಕಳಿಸುತ್ತದೆ. ಕಾರಣವಿಲ್ಲದೆ ಆಕಳಿಕೆ. ಮಾತು ಬೇಡ ಅನ್ನಿಸುವುದು. ತೇಗು. ಬಾಯಲ್ಲಿ ನೀರೂರುವುದು. ಮುಖ ಬಿಳಿಚಿಕೊಂಡು ಹಣೆಯಲ್ಲಿ ತಣ್ಣನೆ ಬೆವರು. ಮಗು ಒಮ್ಮೆಲೇ ಮಂಕಾಗಿ ಕೂತರೆ ಅದು ಒಳ್ಳೆಯ ಮಗುವಾಗಿದೆ ಅಂತ ಅಂದುಕೊಳ್ಳಬೇಡಿ, ಕವರು ತೆಗೆಯಿರಿ.

ಈ ಹೊತ್ತಿನಲ್ಲಿ ಎದ್ದು ಡೆಕ್‌ಗೆ ಹೋಗಿ, ಅಥವಾ ತಕ್ಷಣ ಮಲಗಿ. ಎರಡರಲ್ಲಿ ಯಾವುದು ಹತ್ತಿರವೋ ಅದು. ಬಿಗಿ ಬೆಲ್ಟ್, ಕಾಲರ್ ಸಡಿಲಿಸಿ. ಹೊಟ್ಟೆ ಉಬ್ಬುವ ಹಾಗೆ ನಿಧಾನಕ್ಕೆ ಉಸಿರೆಳೆದು ಇನ್ನೂ ನಿಧಾನಕ್ಕೆ ಬಿಡಿ, ಲೆಕ್ಕ ಹಾಕುತ್ತಾ. ಪ್ರಾಣಾಯಾಮ ಗೊತ್ತಿದ್ದವರಿಗೆ ಇದು ಹೊಸದಲ್ಲ. ಕಪಾಲಭಾತಿ ಮಾತ್ರ ಬೇಡ ಮಹರಾಯರೇ, ನಿಧಾನದ ಉಸಿರು ಅಷ್ಟೇ. ಇದರಿಂದ ವಾಕರಿಕೆ ಇಳಿಯುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ.

ಹಂತ 6: ವಾಂತಿ ಆಗೇ ಹೋದರೆ

ತಡೆಹಿಡಿಯಬೇಡಿ, ಆಗಿಬಿಡಲಿ, ಆದ ಮೇಲೆ ಸ್ವಲ್ಪ ಹಗುರಾಗುತ್ತದೆ. ಕವರಿಗೇ ಮಾಡಿ. ಕಂಬಿಯ ಮೇಲೆ ಬಗ್ಗಿ ಸಮುದ್ರಕ್ಕೆ ಮಾಡುವ ಸಾಹಸ ಬೇಡ. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಅದೆಲ್ಲ ನಿಮ್ಮ ಮುಖಕ್ಕೇ, ಹಿಂದೆ ನಿಂತವರ ಮುಖಕ್ಕೂ. ಅದಕ್ಕಿಂತ ಮುಖ್ಯವಾಗಿ, ತಲೆಸುತ್ತಿನಲ್ಲಿ ಬಗ್ಗಿದವರು ರಾತ್ರಿ ಹೊತ್ತು ಆಯತಪ್ಪಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅಜ್ಜ ಅಜ್ಜಿಯರಿಗೆ ಹಲ್ಲಿನ ಸೆಟ್ ಇದ್ದರೆ ಮೊದಲೇ ತೆಗೆಸಿ ಡಬ್ಬಿಯಲ್ಲಿಡಿ.

ಬಾಯಿ ಮುಕ್ಕಳಿಸಿ, ಹತ್ತು ಹದಿನೈದು ನಿಮಿಷ ಏನೂ ಕುಡಿಯದೆ ಮಲಗಿ. ಆಮೇಲೆ ಓಆರ್‌ಎಸ್, ಒಂದು ಲೀಟರ್ ನೀರಿಗೆ ಕಲಸುವ ಪ್ಯಾಕೆಟ್ ಆದರೆ ಒಂದು ಲೀಟರಿಗೇ ಕಲಸಿ, ಚಮಚದಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಕುಡಿಯಿರಿ. ದೊಡ್ಡ ಲೋಟದಲ್ಲಿ ಗಟಗಟ ಕುಡಿದರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಪ್ಯಾಕೆಟ್ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾತ್ರೆಯೂ ಹೋಗಿರಬಹುದು. ಸುಮ್ನೆ ಇನ್ನೊಂದು ನುಂಗಬೇಡಿ, ಹಡಗಿನ ಡಾಕ್ಟರನ್ನು ಕೇಳಿ. ಒಂದು ಸಲ ಹೊಟ್ಟೆ ತಿರುವಲು ಶುರುವಾದ ಮೇಲೆ ಬಾಯಿಂದ ಕೊಟ್ಟ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ, ಆಗ ಇಂಜೆಕ್ಷನ್ನೇ ಬೇಕಾಗಬಹುದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಅದನ್ನು ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಲೆಕ್ಕಕ್ಕಿಲ್ಲ ಅಂದುಕೊಂಡು ಇನ್ನೊಂದು ತೆಗೆದುಕೊಳ್ಳಬೇಕು.

ಕೆಲವು ಸಂದರ್ಭಗಳಲ್ಲಿ ಮನೆಮದ್ದು ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಬೇಕು. ನೀರೂ ನಿಲ್ಲದೆ ದಿನಪೂರ್ತಿ ವಾಂತಿ. ಎಂಟು ಗಂಟೆಯಿಂದ ಮೂತ್ರವೇ ಇಲ್ಲ. ವಾಂತಿಯಲ್ಲಿ ರಕ್ತ. ಅಸಂಬದ್ಧ ಮಾತು. ತಾಳಲಾರದ ಹೊಟ್ಟೆನೋವು ಅಥವಾ ತಲೆನೋವು. ವಯಸ್ಸಾದವರಿಗೆ ವಾಂತಿಯ ಜೊತೆ ಎದೆ ಬಿಗಿತ, ದವಡೆ ಅಥವಾ ತೋಳು ನೋವು, ಉಬ್ಬಸ ಬಂದರೆ ಅದನ್ನು ಅಲೆಯ ಮೇಲೆ ಹಾಕಿ ಕೂರಬೇಡಿ, ಹೃದಯದ ತೊಂದರೆಯೂ ಹೀಗೇ ಶುರುವಾಗಬಹುದು.

ಸಕ್ಕರೆ ಕಾಯಿಲೆಯವರ ಬಗ್ಗೆ ಬೇರೆಯಾಗಿ ಹೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು ತಿಂದದ್ದೆಲ್ಲ ವಾಂತಿಯಾದರೆ ಸಕ್ಕರೆ ಪ್ರಮಾಣ ಕುಸಿಯುತ್ತದೆ. ಅದರ ಬೆವರು, ನಡುಕ, ಮಂಕು ನೋಡಲು ಸೀ ಸಿಕ್‌ನೆಸ್‌ನ ಹಾಗೆಯೇ ಇರುತ್ತದೆ. ಗ್ಲುಕೋಮೀಟರ್ ಕೈಚೀಲದಲ್ಲೇ ಇರಲಿ, ಅನುಮಾನ ಬಂದರೆ ಚುಚ್ಚಿ ನೋಡಿ. ವಾಂತಿಯಾದ ದಿನ ಯಾವ ಮಾತ್ರೆ ಬಿಡಬೇಕು, ಯಾವುದು ಬಿಡಬಾರದು ಅಂತ ಮೊದಲೇ ಡಾಕ್ಟರಿಂದ ಬರೆಸಿಕೊಳ್ಳಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೂ ಇದೇ ಮಾತು.

ಎರಡನೇ ದಿನದ ನಂತರ, ಮತ್ತು ಇಳಿದ ಮೇಲೆ

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಹೆಚ್ಚಿನವರಿಗೆ ಹಸಿವು ಮರಳುತ್ತದೆ. ಹಸಿವಾಯಿತು ಅಂತ ಒಂದೇ ಸಲ ತುಂಬಿಸಬೇಡಿ. ಮಾತ್ರೆಯನ್ನೂ ಅವತ್ತೇ ನಿಲ್ಲಿಸಬೇಡಿ. ಸಮುದ್ರ ಶಾಂತವಾಗಿದ್ದರೆ ಈಗ ಡೆಕ್ ಮೇಲೆ ಹಾರುಮೀನು ನೋಡುತ್ತಾ ನಿಲ್ಲಬಹುದು, ಹೊರಟಾಗ ಅಂದುಕೊಂಡಿದ್ದ ಪ್ರಯಾಣ ಇಲ್ಲಿಂದ ಶುರು.

ಇಳಿದ ಮೇಲೆ ನೆಲ ತೂಗಾಡಿದಂತೆ ಅನ್ನಿಸುತ್ತದೆ, ಮುಖ್ಯವಾಗಿ ಸ್ನಾನ ಮಾಡಲು ಕಣ್ಣು ಮುಚ್ಚಿದಾಗ. ಮಿದುಳು ಹಡಗಿಗೆ ಒಗ್ಗಿಕೊಂಡಿತ್ತು, ಈಗ ನೆಲಕ್ಕೆ ಮತ್ತೆ ಒಗ್ಗಬೇಕು. ಒಂದೆರಡು ದಿನದಲ್ಲಿ ಹೋಗುತ್ತದೆ. ವಾರಗಟ್ಟಲೆ ಉಳಿದರೆ ಕಿವಿ ಡಾಕ್ಟರಿಗೆ ತೋರಿಸಿ.

ಇಳಿದ ದಿನವೇ ಹ್ಯಾವ್‌ಲಾಕ್‌ಗೆ, ಅಂದರೆ ಸ್ವರಾಜ್ ದ್ವೀಪಕ್ಕೆ ಹೋಗುವ ಫೆರಿ ಬುಕ್ ಮಾಡಬೇಡಿ. ಹಡಗು ತಡವಾದರೆ ಫೆರಿ ತಪ್ಪುತ್ತದೆ. ತಪ್ಪದಿದ್ದರೂ, ಮುಚ್ಚಿದ ಎಸಿ ಕೋಣೆಯ ಆ ಸಣ್ಣ ವೇಗದ ಬೋಟಿನ ಕುಣಿತವೇ ಬೇರೆ, ದೊಡ್ಡ ಹಡಗಿಗೆ ಒಗ್ಗಿದ್ದು ಅಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಸ್ಕೂಬಾ ಮಾಡುವವರು ನಿದ್ದೆ ತರಿಸುವ ಮಾತ್ರೆ ತೆಗೆದುಕೊಂಡಿದ್ದರೆ ಇನ್‌ಸ್ಟ್ರಕ್ಟರ್‌ಗೆ ಮುಚ್ಚಿಡದೆ ಹೇಳಿ, ಮಂಪರಿನಲ್ಲಿ ನೀರಿಗಿಳಿಯುವುದು ಅಪಾಯ.

ವಾಪಸ್ಸಿಗೂ ಹಡಗೇ ಆದರೆ ಹೋಗುವಾಗ ಒಗ್ಗಿತ್ತಲ್ಲ ಅಂತ ಮಾತ್ರೆ ಬಿಡಬೇಡಿ, ವಾರ ಹತ್ತು ದಿನ ನೆಲದ ಮೇಲೆ ಇದ್ದರೆ ಕಲಿತದ್ದು ಬಹುಪಾಲು ಮರೆತುಹೋಗಿರುತ್ತದೆ. ಹಿಂದಿನ ರಾತ್ರಿಯಿಂದಲೇ ಮತ್ತೆ ಶುರು ಮಾಡಿ. ನನ್ನನ್ನು ಕೇಳಿದರೆ, ಹೋಗುವಾಗ ಹಡಗು, ಬರುವಾಗ ವಿಮಾನ. ಸ್ಕೂಬಾ ಮಾಡಿದ್ದರೆ ಅದಕ್ಕೂ ವಿಮಾನಕ್ಕೂ ನಡುವೆ ಪೂರ್ತಿ ಒಂದು ದಿನ ಬಿಟ್ಟು ಟಿಕೆಟ್ ತೆಗೆಯಿರಿ.